ಅಗಲ ಟಯರು, ಕಮ್ಮಿ ಗಾಳಿ

"ರಸ್ತೆ ಸರಿ ಇದ್ದರೆ ಸೈಕಲ್ ಹೊಡೆಯಬಹುದು" ಅಂತ ಡಾಕ್ಟರು ಹೇಳಿದಾಗ ನಾನು ಅವರ ಮುಖವನ್ನೇ ನೋಡಿದೆ, ತಮಾಷೆ ಮಾಡುತ್ತಿದ್ದಾರೋ ಏನೋ ಅಂತ. ಪಾಪ, ತಮಾಷೆಯಲ್ಲ. ಅವರು ನಮ್ಮ ಕಡೆಯವರಲ್ಲ, ಅಷ್ಟೇ. ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ಒಂದೇ ಒಂದು ಮಳೆಗಾಲ ಓಡಾಡಿದವರು ಯಾರೂ ಅಂಥ ಮಾತು ಆಡುವುದಿಲ್ಲ. ನನ್ನ ಗಂಡ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕಿದ್ದಕ್ಕೆ ಬೆನ್ನು ಹಿಡಿದುಕೊಂಡಿತು.

ಅವರು ಲೈನ್‌ಮನ್ ಆಗಿದ್ದವರು. ಒಂದು ಮಳೆಗಾಲ ಕಂಬದಿಂದ ಇಳಿಯುವಾಗ ಜಾರಿ ಬಿದ್ದರು, ಬೆನ್ನುಮೂಳೆಯ ಡಿಸ್ಕ್ ಜಾರಿತು. ಆಪರೇಷನ್ ಬೇಡ, ಆದರೆ ಮೈ ಕುಲುಕಬಾರದು ಅಂದರು. ಕಂಬ ಹತ್ತುವವರನ್ನು ಆಫೀಸಿನ ಕುರ್ಚಿಯಲ್ಲಿ ಕೂರಿಸಿದರು. ನಾನು ಟೈಲರು. ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಅವರು ಬಿದ್ದ ಮೇಲೆ ನಮ್ಮ ಮನೆಯ ಎರಡು ಸೈಕಲ್ಲುಗಳೂ ಜಗಲಿಯ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತವು.

ಅದಕ್ಕೆ ಮೊದಲು ನಾವಿಬ್ಬರೂ ಸೈಕಲ್ ಹುಚ್ಚರು. ಮಕ್ಕಳಿಲ್ಲದ ಗಂಡ ಹೆಂಡತಿ ಹಾಗೆ ಊರೂರು ತಿರುಗಿದರೆ ಜನ ಸುಮ್ಮನಿರುತ್ತಾರೆಯೇ? ಬಾಯಿಗೆ ಬಂದದ್ದು ಆಡಿದರು. ಆಡಲಿ, ನನಗೇನು! ಮಳೆ ಹೋಗಿ, ಗದ್ದೆ ಕೊಯ್ಲು ಮುಗಿದು, ಬೆಳಗಿನ ಮಂಜಿಗೆ ಮೂಗು ತಣ್ಣಗಾಗುವ ಕಾಲದಲ್ಲಿ ವರ್ಷಕ್ಕೊಮ್ಮೆ ತೀರ್ಥಹಳ್ಳಿಗೆ ಹೋಗುತ್ತಿದ್ದೆವು. ತುಂಗೆಯಲ್ಲಿ ಕಾಲು ಇಳಿಬಿಟ್ಟು ಕೂತು, ಆಮೇಲೆ ಅಲ್ಲೇ ಹತ್ತಿರದ ಮೇಳಿಗೆ ಊರಿನ ಅವರ ಅಕ್ಕನ ಮನೆಯಲ್ಲಿ ಉಳಿದು, ಮಾರನೆಯ ದಿನ ವಾಪಸು. ಅವರು ಮುಂದೆ, ನಾನು ಹಿಂದೆ. ದಾರಿಯಲ್ಲಿ ಮಾತು ಕಮ್ಮಿ. ಮನೆಯಲ್ಲಿ ಜಗಳಗಂಟಿಯಾದ ನಾನು ಆ ದಿನ ಮಾತ್ರ ತಣ್ಣಗಿರುತ್ತಿದ್ದೆ.

ನನಗೆ ಆ ದಿನ ವಾಪಸು ಬೇಕಿತ್ತು. ಚಿನ್ನ ಬೇಡ, ಸೀರೆ ಬೇಡ, ಆ ಒಂದು ದಿನ ಬೇಕಿತ್ತು. ಎಷ್ಟು ಆಸೆ ಅಂದರೆ, ಹೊಲಿಗೆ ಮೆಷಿನ್ ತುಳಿಯುತ್ತಿದ್ದರೂ ಕಾಲು ಹೊಸನಗರದ ಏರು ಹತ್ತುತ್ತಿತ್ತು. ದಾರ ತುಂಡಾದಾಗಲೇ ಎಚ್ಚರ.

ರಸ್ತೆ ಸರಿ ಮಾಡುವುದು ನನ್ನ ಕೈಯಲ್ಲಿಲ್ಲ. ಸೈಕಲ್ಲನ್ನೇ ಸರಿ ಮಾಡಿದರೆ? ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಹೋದೆ. ಎಲ್ಲರೂ ಹೇಳುವುದು ಒಂದೇ: ಟಯರು ಅಗಲ ಇರಲಿ, ಗಾಳಿ ಕಮ್ಮಿ ಇರಲಿ, ಗುಂಡಿಯ ಏಟನ್ನು ಟಯರೇ ನುಂಗಿಕೊಳ್ಳುತ್ತದೆ. ಫ್ರೇಮು ಕಬ್ಬಿಣದ ಬದಲು ಕಾರ್ಬನ್ ನಾರಿನದಾದರೆ ಸಣ್ಣ ನಡುಕವೂ ಮೈಗೆ ಅಷ್ಟು ಬಡಿಯುವುದಿಲ್ಲ, ಎತ್ತಿಡುವುದಕ್ಕೂ ಹಗುರ.

"ಅಗಲ ಟಯರಾ? ಅದು ಟ್ರ್ಯಾಕ್ಟರಿಗೆ ಹಾಕೋದು ಕಣೇ" ಅಂದರು ನನ್ನ ಗಂಡ.

"ನೀವು ಸುಮ್ನಿರಿ ಮಾರಾಯ್ರೆ. ನಿಮ್ ಬೆನ್ನಿಗೆ ಬೇಕಾದ್ದು ನಂಗೆ ಗೊತ್ತು."

"ಬೆನ್ನು ನಂದು."

"ಎಣ್ಣೆ ತಿಕ್ಕೋ ಕೈ ನಂದು."

ಅಂಗಡಿಯಲ್ಲಿ ಜೋಡಿಸಿ ಇಟ್ಟ ಹೊಸ ಕಾರ್ಬನ್ ಸೈಕಲ್ಲಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಬಿಡಿ ಬಿಡಿಯಾಗಿ ತಂದು ಜೋಡಿಸುವುದೊಂದೇ ದಾರಿ. ಹಳೆಯ ಕಾರ್ಬನ್ ಫ್ರೇಮುಗಳು ಅಗ್ಗಕ್ಕೆ ಸಿಗುತ್ತವೆ, ನಿಜ. ಆದರೆ ಅವುಗಳಲ್ಲಿ ಮುಂದಿನ ಗಾಲಿ ಕೂರುವ ಫೋರ್ಕಿನ ಸಂದಿ ಎಷ್ಟು ಕಿರಿದು ಅಂದರೆ ಸಪೂರ ಟಯರು ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಫೋಟೋ ನೋಡಿ ನೋಡಿ, ಎಷ್ಟು ಜನರಿಗೆ "ಫೋರ್ಕಿನ ಸಂದಿ ಅಳತೆ ಮಾಡಿ ಕಳಿಸಿ" ಅಂತ ಕಾಟ ಕೊಟ್ಟೆನೋ. ಕೊನೆಗೆ ಶಿವಮೊಗ್ಗದಲ್ಲಿ ಒಬ್ಬರು ಸಿಕ್ಕರು. ಹೆಸರಿಲ್ಲದ ಕಂಪನಿಯ ಕಪ್ಪು ಫ್ರೇಮು, ಡಿಸ್ಕ್ ಬ್ರೇಕಿನದು, ಅಗಲ ಟಯರು ಆರಾಮಾಗಿ ಕೂರುವಂಥದ್ದು. ತರಿಸಿಕೊಂಡ ಮೇಲೆ ತಮಗೆ ದೊಡ್ಡದಾಯಿತು ಅಂತ ಜೋಡಿಸದೆ ಇಟ್ಟಿದ್ದರಂತೆ.

ನಮ್ಮವರಿಗೆ ಸರಿಯಾಗುತ್ತದೆಯೋ ಅಂತ ಟೇಪು ಹಿಡಿದೆ. ಸಾಗರದ ಅರ್ಧ ಹೆಂಗಸರ ಅಳತೆ ನನ್ನ ಬಾಯಲ್ಲಿದೆ. ಗಂಡನ ಅಳತೆ ತೆಗೆದದ್ದು ಅದೇ ಮೊದಲು.

"ಗೋಡೆಗೆ ಒರಗಿ ನೆಟ್ಟಗೆ ನಿಂತ್ಕಳಿ."

"ಪ್ಯಾಂಟ್ ಹೊಲೀತೀಯೇನೇ?"

"ನೆಟ್ಟಗೆ ಅಂದೆ."

"ನೆಟ್ಟಗೇ ಇದೀನಲ್ಲೇ."

ಇರಲಿಲ್ಲ. ಬಲಗಡೆಯ ಹೆಗಲು ಕೆಳಗಿಳಿದಿತ್ತು. ಸೊಂಟ ಗೋಡೆಗೆ ತಾಗುತ್ತಲೇ ಇರಲಿಲ್ಲ. ದಿನಾ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ. ಕಾಲಿನ ಅಳತೆ, ತೋಳಿನ ಅಳತೆ ಬರೆದುಕೊಂಡೆ. ಹ್ಯಾಂಡಲನ್ನು ಎತ್ತರಿಸಿ, ಇನ್ನಷ್ಟು ಹತ್ತಿರ ತರಬೇಕು ಅಂತ ಆಗಲೇ ತೀರ್ಮಾನಿಸಿದೆ, ಬಗ್ಗುವುದು ಕಮ್ಮಿಯಾಗಲಿ ಅಂತ.

ಗೇರು, ಸೀಟು, ಪೆಡಲು ಅವರ ಹಳೆಯ ಸೈಕಲ್ಲಿನಿಂದಲೇ ಬಿಚ್ಚಿದೆವು. ಗಾಲಿ ಯಾರೋ ಬಳಸಿದ್ದು. ಟಯರು ಮಾತ್ರ ಹೊಸದು, ಅದರಲ್ಲಿ ಜಿಪುಣತನ ಮಾಡಲಿಲ್ಲ. ಜೋಡಿಸಲು ಪೇಟೆಯ ಸೈಕಲ್ ಅಂಗಡಿಯವರನ್ನು ಮನೆಗೆ ಕರೆದೆ. ಬೋಲ್ಟು ಕೈಗೆ ಸಿಕ್ಕಿದ್ದೇ ತಡ, ಅವರು ಹಲ್ಲು ಕಚ್ಚಿ ಬಿಗಿಯತೊಡಗಿದರು.

"ಅಯ್ಯಯ್ಯೋ, ಬಿಡ್ರೀ! ಇದು ಕಬ್ಬಿಣ ಅಲ್ಲ, ಸೀಳ್ತದೆ!" ಅಂತ ನಾನು ಕೂಗಿಕೊಂಡ ರಭಸಕ್ಕೆ ಪಕ್ಕದ ಮನೆಯವರು ಇಣುಕಿದರು. ಇಷ್ಟೇ ಬಿಗಿ ಸಾಕು ಅಂತ ಟಕ್ ಅಂದು ತಿಳಿಸುವ ಸ್ಪಾನರೊಂದನ್ನು ತರಿಸಿಟ್ಟಿದ್ದೆ. ಅದನ್ನು ಕೊಟ್ಟೆ. ಅವರ ಮುಖ ಊದಿತು.

"ಇಷ್ಟ್ ಸಡ್ಲ ಬಿಟ್ರೆ ದಾರೀಲೇ ಕಳಚ್ಕಂಡ್ ಬೀಳ್ತದಮ್ಮ. ಆಮೇಲೆ ನನ್ ಹೆಸ್ರು ಹೇಳ್ಬೇಡಿ."

ಟಯರಿನದು ಇನ್ನೊಂದು ರಾಮಾಯಣ. ಒಳಗೆ ಟ್ಯೂಬಿಲ್ಲ. ಮುಳ್ಳು ಚುಚ್ಚಿದರೆ ತೂತು ತಾನೇ ಮುಚ್ಚಲಿ ಅಂತ ಬಿಳಿ ದ್ರವ ಹೊಯ್ಯುತ್ತಾರೆ. ಕೈಪಂಪು ಎಷ್ಟು ಒತ್ತಿದರೂ ಟಯರು ರಿಮ್ಮಿಗೆ ಕೂರಲೊಲ್ಲದು. ಕೊನೆಗೆ ಲಾರಿಗಳಿಗೆ ಗಾಳಿ ಹಾಕುವ ಪಂಕ್ಚರ್ ಅಂಗಡಿಗೆ ಗಾಲಿ ಹೊತ್ತುಕೊಂಡು ಹೋದೆವು. ಗಾಳಿ ಬಿಟ್ಟ ಕೂಡಲೇ ಢಬ್ ಢಬ್ ಅಂತ ಟಯರು ಕೂತ ಸದ್ದಿಗೆ ಅಂಗಡಿಯವರೇ ಹಾರಿ ಬಿದ್ದರು. ಮನೆಗೆ ಬಂದು ಬೇಕಾದಷ್ಟೇ ಉಳಿಸಿ ಮಿಕ್ಕ ಗಾಳಿ ಬಿಟ್ಟೆ. ನನ್ನ ಗಂಡ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿದರು. ಕಣ್ಣು ಹೊಳೆಯುತ್ತಿತ್ತು. ಅದನ್ನು ನೋಡಿ ನನಗೆ ಕುಣಿಯುವ ಹಾಗಾಯಿತು.

ಮೊದಲ ಸಲ ಇಕ್ಕೇರಿಗೆ ಹೊರಟೆವು. ಹತ್ತಿರವೇ ಇದೆ, ಅಘೋರೇಶ್ವರನಿಗೆ ಕೈ ಮುಗಿದು ಬಂದರಾಯಿತು ಅಂತ. ನಾನು ನನ್ನ ಹಳೆಯ ಸ್ಟೀಲ್ ಸೈಕಲ್ಲಿನಲ್ಲಿ ಹಿಂದೆ. ಊರು ದಾಟುವವರೆಗೂ ಚೆನ್ನಾಗಿತ್ತು. ತೇಪೆ ಹಾಕಿದ ರಸ್ತೆ ಶುರುವಾದದ್ದೇ ಅವರ ಬೆನ್ನು ಒಂದು ಕಡೆಗೆ ವಾಲತೊಡಗಿತು. ದೇವಸ್ಥಾನ ಕಾಣುವ ಮೊದಲೇ ಇಳಿದು, ಸೈಕಲ್ಲನ್ನು ಬೇಲಿಗೆ ಒರಗಿಸಿ ಕೂತುಬಿಟ್ಟರು. ಮುಖ ಬಿಳಿಚಿತ್ತು. ಆಟೋದಲ್ಲಿ ಮನೆಗೆ ತಂದೆ.

"ನನ್ ಕತೆ ಮುಗೀತು ಮಾರಾಯ್ತಿ. ಅದನ್ನ ಯಾರಿಗಾದ್ರೂ ಕೊಟ್ಬಿಡು" ಅಂದು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಸೈಕಲ್ಲಿಗಾಗಿ ಅಲ್ಲ. ಇನ್ನು ಯಾವತ್ತೂ ಇಲ್ಲ ಅನ್ನುವುದಕ್ಕಾಗಿ.

ಒಂದು ಭಾನುವಾರ ಕೋಣೆ ಗುಡಿಸಲು ಸೈಕಲ್ಲನ್ನು ಸರಿಸುವಾಗ ಟಯರಿಗೆ ಕೈ ತಾಗಿತು. ಕಲ್ಲು! ಒತ್ತಿ ನೋಡಿದೆ. ಹೆಬ್ಬೆರಳು ಒಂಚೂರೂ ಒಳಗೆ ಹೋಗಲಿಲ್ಲ.

"ರೀ, ಇದಕ್ಕೆ ಗಾಳಿ ಹಾಕಿದ್ಯಾರು?"

"ನಾನೇ. ಇಕ್ಕೇರಿಗೆ ಹೋದ್ ದಿನ ಬೆಳಿಗ್ಗೆ, ನೀನು ಸ್ನಾನಕ್ಕೆ ಹೋದಾಗ. ಒತ್ತಿದ್ರೆ ಮೆತ್ತಗಿತ್ತು, ಪಂಕ್ಚರ್ ಅಂಗಡೀಲಿ ಗಟ್ಟಿ ಹಾಕಿಸ್ಕಂಡ್ ಬಂದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮೆತ್ತಗೆ ಇರ್ಲಿ ಅಂತ್ಲೇ ನಾನು ಇಷ್ಟು ತಿಂಗ್ಳು ಹೆಣಗಿದ್ದು! ಗಟ್ಟಿ ಬೇಕಾಗಿದ್ರೆ ಎತ್ತಿನಗಾಡಿ ತರ್ತಿದ್ದೆ! ಬುದ್ಧಿ ಎಲ್ಲಿಟ್ಟಿದ್ರಿ?" ಅಂತ ಬೈದೆ, ಬಾಯಿ ಒಣಗುವವರೆಗೂ ಬೈದೆ. ಅವರು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ತಪ್ಪೇನು, ನಮ್ಮಲ್ಲಿ ಎಲ್ಲರೂ ಹಾಗೆಯೇ. ಸೈಕಲ್ಲು ಕಲಿತ ದಿನದಿಂದ ಹೆಬ್ಬೆರಳಲ್ಲಿ ಒತ್ತಿ, ಕಲ್ಲಾದರೆ ಮಾತ್ರ ಹೊರಡುವವರು. ಬೈಯುತ್ತಲೇ ನನಗೆ ನಗು ಬಂತು. ಹಾಗಾದರೆ ಕತೆ ಮುಗಿದಿಲ್ಲ!

ವಾಲ್ವ್ ಒತ್ತಿದೆ. ಉಸ್ಸೆಂದು ಗಾಳಿ ಹೋಗುತ್ತಲೇ ಇತ್ತು. ಅವರ ಹೆಬ್ಬೆರಳು ಹಿಡಿದು ಟಯರಿನ ಮೇಲೆ ಇಟ್ಟೆ.

"ಇಷ್ಟು ಮೆತ್ತಗಾ?" ಅಂದರು, ನಂಬದೆ.

"ಇಷ್ಟೇ."

ಆದರೂ ಬಹಳ ದಿನ ಮುಟ್ಟಲಿಲ್ಲ. ಹೆದರಿಕೆ. ನಾನೂ ಕೇಳಲಿಲ್ಲ, ನಾಲಿಗೆ ಕಚ್ಚಿಕೊಂಡು ಹೊಲಿಯುತ್ತಿದ್ದೆ. ಒಂದು ಬೆಳಿಗ್ಗೆ ಸದ್ದಿಲ್ಲದೆ ಸೈಕಲ್ಲನ್ನು ಬೀದಿಗಿಳಿಸಿ ಒಂದು ಸುತ್ತು ಹೊಡೆದು ಬಂದರು. ಮಾರನೆಯ ದಿನ ಇನ್ನೊಂದು ಸುತ್ತು. ಆಮೇಲೆ ಇಕ್ಕೇರಿ. ಆಮೇಲೆ ಹೊನ್ನೆಮರಡಿನ ಮಣ್ಣಿನ ರಸ್ತೆ. ಅಲ್ಲಿಂದ ಮೊಣಕಾಲವರೆಗೂ ಕೆಂಪು ಧೂಳು ಮೆತ್ತಿಕೊಂಡು ಬಂದು, "ಗುಂಡಿ ಬಂದಿದ್ದೇ ಗೊತ್ತಾಗ್ಲಿಲ್ಲ ಕಣೇ" ಅಂದರು. ನಾನು ಹೊಲಿಯುತ್ತಿದ್ದ ಬ್ಲೌಸಿನ ತೋಳನ್ನು ಅಡಿಮೇಲು ಕೂಡಿಸಿದೆ.

ಕೊಯ್ಲು ಮುಗಿದ ಮೇಲೆ ತೀರ್ಥಹಳ್ಳಿಗೆ ಹೊರಟೆವು. ಅವರು ಮುಂದೆ, ನಾನು ಹಿಂದೆ. ಬಟ್ಟೆಮಲ್ಲಪ್ಪ ಅನ್ನುವ ಊರು ದಾಟುವವರೆಗೂ ನಾನು ಒಂದು ಮಾತೂ ಆಡಲಿಲ್ಲ. ಆಡಿದರೆ ಆ ದಿನ ಎಲ್ಲಿ ಹಾರಿಹೋಗುತ್ತದೋ ಅಂತ. ಹೊಸನಗರದಲ್ಲಿ ಚಹಾಕ್ಕೆ ಇಳಿದೆವು. ಚಹಾ ಕುಡಿದು ಏಳಲು ಹೋದವರು ಏಳಲಿಲ್ಲ. ಬೆಂಚು ಹಿಡಿದುಕೊಂಡು ನನ್ನ ಮುಖ ನೋಡಿದರು.

"ಇಲ್ಲಿಗೆ ಸಾಕು."

ಟಯರು ಒತ್ತಿ ನೋಡಿದೆ. ಮೆತ್ತಗೇ ಇತ್ತು. ಈ ಸಲ ಬೈಯಲು ಯಾರೂ ಇರಲಿಲ್ಲ.

"ಇಬ್ರೂ ಬಸ್ಸಲ್ಲಿ ವಾಪಸ್ ಹೋಗನ" ಅಂದೆ.

"ನೀನು ಹೋಗು ಮುಂದೆ. ನಾನು ತೀರ್ಥಹಳ್ಳಿ ಬಸ್ ಹತ್ತಿ ಬರ್ತೀನಿ."

"ನೀವಿಲ್ದೆ ನಂಗೆಂಥ ತೀರ್ಥಹಳ್ಳಿ? ಬೇಡ."

"ನನ್ ಬೆನ್ ಕೂತ್ಬಿಡ್ತು ಅಂತ ನಿನ್ ಕಾಲೂ ಕೂರ್ಸ್‌ಬೇಕಾ? ಹೋಗೇ." ದನಿ ಗಟ್ಟಿಯಾಗಿತ್ತು. ಅವರು ಹಾಗೆ ಮಾತಾಡುವುದು ಅಪರೂಪ. ನಾನು ಸಿಟ್ಟಿನಲ್ಲಿ ತಿರುಗಿಯೂ ನೋಡದೆ ಹೊರಟೆ.

ದಾರಿಯಲ್ಲಿ ಬಸ್ಸೊಂದು ಹಿಂದಿನಿಂದ ಹಾರ್ನ್ ಹಾಕುತ್ತ ಬಂತು, ಅದರ ತಲೆಯ ಮೇಲೆ ಕಪ್ಪು ಸೈಕಲ್ಲು ಕಟ್ಟಿತ್ತು. ಕಿಟಕಿಯಿಂದ ಅವರು ಬಸ್ಸಿನ ತಗಡನ್ನು ದಬದಬ ಬಡಿಯುತ್ತಿದ್ದರು. ಏನೋ ಕೂಗಿದರು, ಕೇಳಿಸಲಿಲ್ಲ. ಬಸ್ಸು ಹೋದ ಮೇಲೆ ರಸ್ತೆ ಖಾಲಿ. ಅಷ್ಟು ವರ್ಷ ಆ ರಸ್ತೆಯನ್ನು ನಾನು ನೋಡಿಯೇ ಇರಲಿಲ್ಲ, ಅವರನ್ನು ನೋಡಿಕೊಂಡು ಹೋಗುತ್ತಿದ್ದೆ. ಅಳುತ್ತಲೇ ತುಳಿದೆ.

ತುಂಗೆಯ ಬಂಡೆಯ ಮೇಲೆ ಅವರು ನೀರಿಗೆ ಕಾಲು ಬಿಟ್ಟು ಕೂತಿದ್ದರು. ಪಕ್ಕದಲ್ಲಿ ಕಪ್ಪು ಸೈಕಲ್ಲು. ನಾನು ಹೋಗಿ ಕೂತೆ. ಹೇಗಿದೆ ಬೆನ್ನು ಅಂತ ಕೇಳುವ ಮೊದಲೇ ಅವರೇ ಶುರು ಮಾಡಿದರು.

"ಆ ಮೋರಿ ಹತ್ರ ರಸ್ತೆ ಇನ್ನೂ ಒಡ್ದೇ ಇದ್ಯಾ?"

"ಇದೆ."

"ಅದ್ರಾಚೆ ಏರು. ಇಳ್ದು ತಳ್ಳಿದ್ಯಾ, ತುಳಿದ್ಯಾ?"

"ತುಳಿದೆ."

"ಬಸ್ಸಲ್ಲಿ ಕೂತ್ರೆ ಏನೂ ಗೊತ್ತಾಗಲ್ಲ ಮಾರಾಯ್ತಿ. ಏರು ಯಾವ್ದು ಇಳುಕ್ಲು ಯಾವ್ದು ಅಂತ್ಲೇ ಗೊತ್ತಾಗಲ್ಲ." ಕಾಲಲ್ಲಿ ನೀರು ಕಲಕಿದರು. "ಏರು ಮುಗಿದ್ಮೇಲೆ ದೊಡ್ಡ ಇಳುಕ್ಲು ಬರ್ತದಲ್ಲ, ಗಾಳಿ ಅಂಗಿ ಒಳಗೆ ನುಗ್ತದಲ್ಲ, ಅಲ್ಲಿ ಬ್ರೇಕ್ ಹಿಡಿದ್ಯಾ?"

ಹಿಡಿದಿದ್ದೆ. ಮುಂದೆ ಯಾರೂ ಇಲ್ಲದ ಇಳುಕಲಿಗೆ ಹೆದರಿ ಎರಡೂ ಕೈಯಲ್ಲಿ ಹಿಡಿದಿದ್ದೆ, ಕೊನೆಯವರೆಗೂ.

"ಇಲ್ಲ" ಅಂದೆ.

ಅವರು ಕಣ್ಣು ಮುಚ್ಚಿಕೊಂಡರು.

"ನಾನೂ ಹಿಡೀತಿರ್ಲಿಲ್ಲ" ಅಂದರು.