ಇಪ್ಪತ್ತಮೂರು ಹೆಣ್ಣುಮಕ್ಕಳ ಮಾತು ಕಾಯ್ದ ಖಾಲಿದಾ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದ ಊರುಗಳಲ್ಲಿ ಮಕ್ಕಳ ಓದಿಗಾಗಿ ದುಡಿದವರನ್ನು ನೆನೆಯುವಾಗ ಶ್ರೀಮತಿ ಖಾಲಿದಾ ನದಾಫ ಅವರ ಹೆಸರನ್ನು ಗೌರವದಿಂದ ಹೇಳದೆ ಮುಂದೆ ಹೋಗುವಂತಿಲ್ಲ. ಐದು ವರ್ಷ ಸಂಬಳವಿಲ್ಲದ ಸ್ವಯಂಸೇವಕಿಯಾಗಿ, ಅನಂತರ ಹದಿನೇಳು ವರ್ಷ ಮಕ್ಕಳ ವಿಭಾಗದ ಗ್ರಂಥಪಾಲಕಿಯಾಗಿ ಒಂದೇ ಸಣ್ಣ ಸಾರ್ವಜನಿಕ ಗ್ರಂಥಾಲಯದಲ್ಲಿ ಸೇವೆ ಸಲ್ಲಿಸಿ ಅವರು ಕಳೆದ ಜೂನ್‌ನಲ್ಲಿ ನಿವೃತ್ತರಾದರು. ಈ ಸೀಮೆಯ ಇಪ್ಪತ್ತಮೂರು ಮಂದಿ ಆಫ್ರಿಕನ್ ಅಮೆರಿಕನ್ ಮಹಿಳೆಯರು ಎಳೆಯ ಓದುಗರಿಗೆಂದು ಆಡಿದ ಮಾತುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಟ್ಟಿಗೆ ಮುದ್ರಿಸಿದ ಅವರ ಪುಸ್ತಕ ಇಂದು ಇಲ್ಲಿಯ ಡಬ್ಲಿನ್ ಊರಿನಿಂದ ಎವರ್‌ಗ್ರೀನ್‌ವರೆಗೆ ನಮ್ಮ ಕನ್ನಡ ಶಾಲೆಗಳಲ್ಲೆಲ್ಲ ಇದೆ.

ಈ ಅಭಿನಂದನ ಗ್ರಂಥದ ಸಮಿತಿಯವರು ಡಬ್ಲಿನ್‌ನ ಅವರ ಮನೆಗೆ ಹೋಗಿ ಒಪ್ಪಿಗೆ ಕೇಳಿದಾಗ ಅವರು ಚಹಾ ಕೊಟ್ಟರು, ಆಮೇಲೆ ಒಂದು ಷರತ್ತು ಹಾಕಿದರು. “ನಾ ಒಮ್ಮೆ ಮಾತಾಡಬೇಕಾದಲ್ಲಿ ಸುಮ್ಮ ಕುಂತಿದ್ದೆ. ಅದನ್ನ ಬಿಟ್ಟು ಬರದ್ರ ನಂಗ ಈ ಗ್ರಂಥ ಬ್ಯಾಡ್ರಿ. ಅದನ್ನೂ ಬರೀರಿ.” ಅಭಿನಂದನೆಯ ಬರಹದಲ್ಲಿ ಸಾಮಾನ್ಯವಾಗಿ ಸಲ್ಲದ ಸಂಗತಿಯೊಂದು ಇಲ್ಲಿ ಬಂದಿರುವುದು ಅವರ ಮಾತಿನಂತೆಯೇ.

ಗದಗಿನ ಪುರಸಭೆಯ ವಾಚನಾಲಯದಲ್ಲಿ ಕುಳಿತು ಕನ್ನಡ ಓದಿ ಬೆಳೆದ ಖಾಲಿದಾ ಅವರು ೨೦೦೩ರಲ್ಲಿ ಪತಿ ಖಾಸಿಂ ಮತ್ತು ಐದು ವರ್ಷದ ಮಗ ತಾಹಾನೊಂದಿಗೆ ಇಲ್ಲಿಗೆ ಬಂದರು. ಕೆಲಸ ಮಾಡುವ ಪರವಾನಗಿ ಇರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗಿ ಮಗನನ್ನು ಕೂರಿಸಿಕೊಂಡು ಓದಬಹುದಾದ ಒಂದೇ ಒಂದು ಜಾಗವೆಂದರೆ ಆ ಗ್ರಂಥಾಲಯ. ಅಲ್ಲಿನ ಮಕ್ಕಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಓಕ್‌ಲ್ಯಾಂಡಿನ ಆಫ್ರಿಕನ್ ಅಮೆರಿಕನ್ ಮಹಿಳೆ ವರ್ಲೀನ್ ಹಾಪ್ಸನ್. ಎತ್ತರದ ಆಳು, ತುಂಡು ಮಾಡಿಸಿದ ನರೆಗೂದಲು, ತಗ್ಗಿದ ದನಿ. ಅವರ ತಾಯಿ ಸ್ಯಾನ್ ಮಟಿಯೋದ ಆಫೀಸುಗಳನ್ನು ಗುಡಿಸಿ ಒರೆಸಿ ಮೂವರು ಮಕ್ಕಳನ್ನು ಓದಿಸಿದವರು. ದಿನವೂ ಬಂದು ಸುಮ್ಮನೆ ಕೂರುವ ಈ ಹೆಂಗಸನ್ನು ಎರಡು ವಾರ ನೋಡಿದ ವರ್ಲೀನ್, ಮೂರನೆಯ ವಾರ ಕಪಾಟಿನಲ್ಲಿ ಪುಸ್ತಕ ಜೋಡಿಸುವ ಕೆಲಸವನ್ನು ಕೇಳದೆಯೇ ವಹಿಸಿಬಿಟ್ಟರು.

ಮರುವರ್ಷ ಖಾಲಿದಾ ಅವರು ಮಕ್ಕಳಿಗೆ ಮೊದಲ ಬಾರಿ ಗಟ್ಟಿಯಾಗಿ ಕತೆ ಓದಿದ ದಿನ ಒಬ್ಬ ತಾಯಿ ಎದ್ದು, ಈಕೆಯ ಉಚ್ಚಾರ ನನ್ನ ಮಗುವಿಗೆ ತಿಳಿಯುವುದಿಲ್ಲ ಎಂದು ಎಲ್ಲರೆದುರು ಹೇಳಿ ಹೊರನಡೆದರು. ಖಾಲಿದಾ ಪುಸ್ತಕ ಮುಚ್ಚಿದರು. ವರ್ಲೀನ್ ಬಂದು, ತಮ್ಮ ಎತ್ತರದ ಮೈಯನ್ನು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಹೇಗೋ ಹಿಡಿಸಿ ಮುಂದಿನ ಸಾಲಿನಲ್ಲಿ ಕೂತರು. “ಬೇಬಿ, ಕತೆಯ ಕೊನೆ ನನಗೆ ಕೇಳಿಸಲಿಲ್ಲ. ಮೊದಲಿಂದ ಓದು,” ಎಂದರು. ಆ ದಿನದಿಂದ ಖಾಲಿದಾ ಅವರ ಪಾಲಿಗೆ ವರ್ಲೀನ್ ಮೇಲಧಿಕಾರಿಗಿಂತ ಹೆಚ್ಚಿನವರಾದರು. ೨೦೦೮ರಲ್ಲಿ ಕೆಲಸದ ಪರವಾನಗಿ ಸಿಕ್ಕ ಮೇಲೆ ಖಾಲಿದಾ ಅವರು ಅದೇ ವಿಭಾಗದಲ್ಲಿ ಸಂಬಳದ ಕೆಲಸಕ್ಕೆ ಸೇರಿದರು.

ಶನಿವಾರಗಳಲ್ಲಿ ಮಕ್ಕಳಿಗೆಂದು ಒಂದು ಗಂಟೆ ಮೀಸಲಿಟ್ಟದ್ದು ವರ್ಲೀನ್ ಅವರದೇ ಕಲ್ಪನೆ. ತಮ್ಮ ಸಮುದಾಯದಲ್ಲಿ ದೊಡ್ಡ ಕೆಲಸ ಮಾಡಿದ, ಜನ ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅಂಥ ಒಬ್ಬ ಕಪ್ಪು ಮಹಿಳೆಯನ್ನು ಅವರು ಕರೆಸುತ್ತಿದ್ದರು; ಬಂದವರು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತಮ್ಮ ಬಾಳಿನ ಒಂದೇ ಒಂದು ಸಂಗತಿಯನ್ನು ಹೇಳಿ ಹೋಗಬೇಕು. ಮಕ್ಕಳ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆಯೊಬ್ಬರು ಹೇಳಿದರು: “ನನ್ನ ಕೈ ನಡುಗುತ್ತದೆ ಎಂಬುದನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದೆ. ಗೆಳತಿಗೆ ಹೇಳಿದ ಮೇಲೂ ನಡುಕ ಹೋಗಲಿಲ್ಲ. ಆದರೆ ಒಬ್ಬಳೇ ನಡುಗುವುದು ತಪ್ಪಿತು.” ಬಸ್ ಓಡಿಸುತ್ತಿದ್ದು ಮುಂದೆ ಚಾಲಕರ ಸಂಘದ ಮುಖ್ಯಸ್ಥೆಯಾದವರು, “ಬೈದವರ ಸ್ಟಾಪಿನಲ್ಲೂ ನಾನು ಬಸ್ ನಿಲ್ಲಿಸುತ್ತಿದ್ದೆ. ಅವರಿಗೂ ಮನೆ ಸೇರಬೇಕಲ್ಲ,” ಎಂದರು. ಒಬ್ಬ ನ್ಯಾಯಾಧೀಶೆ, “ಪೀಠದಲ್ಲಿ ಕೂತ ದಿನದಿಂದ ನಾನು ಮಾತು ಬಾರದವರ ಕಡೆಗೇ ಮೊದಲು ತಿರುಗುತ್ತೇನೆ; ಮಾತು ಬಲ್ಲವರು ಹೇಗೂ ಕಾಯಬಲ್ಲರು,” ಎಂದರು. ಮೂಲೆಯಲ್ಲಿ ಕೂತ ಖಾಲಿದಾ ಅವರು ಇವನ್ನೆಲ್ಲ ಕೇಳಿದ ಕೂಡಲೇ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದರೆ ಮರೆಯುತ್ತದೆ, ಕನ್ನಡದಲ್ಲಿ ಬರೆದರೆ ಒಳಗಿಳಿಯುತ್ತದೆ ಎಂದು ಅವರ ನಂಬಿಕೆ.

ನಮ್ಮ ಕನ್ನಡದ ಮಕ್ಕಳೂ ಆ ಗಂಟೆಗೆ ಬರುತ್ತಿದ್ದರು. ಅವರಲ್ಲಿ ಒಂಬತ್ತು ವರ್ಷದ ಆಶ್ರಿತಾ ಒಂದು ಶನಿವಾರವನ್ನೂ ತಪ್ಪಿಸಿದವಳಲ್ಲ. ಅವಳ ತಂದೆ ಮಂಗಳೂರಿನ ಜಯರಾಜ್, ಖಾಸಿಂ ಅವರು ದುಡಿಯುತ್ತಿದ್ದ ಕಂಪನಿಯಲ್ಲಿ ಮ್ಯಾನೇಜರು. ೨೦೧೦ರ ವಸಂತದಲ್ಲಿ ಗ್ರಂಥಾಲಯದ ಮಂಡಳಿಗೆ ಒಂದು ಪತ್ರ ಹೋಯಿತು: ಶನಿವಾರದ ಮಾತುಗಳು ಮಕ್ಕಳ ಮನಸ್ಸಿಗೆ ಭಾರವಾಗುತ್ತಿವೆ, ಆ ಸಮಯವನ್ನು ಸ್ಪೆಲ್ಲಿಂಗ್ ಸ್ಪರ್ಧೆಯ ತರಬೇತಿಗೆ ಕೊಡಬೇಕು. ಸಹಿ ಹಾಕಿದವರಲ್ಲಿ ಹನ್ನೊಂದು ಜನ ನಮ್ಮವರೇ. ಮೊದಲ ಸಹಿ ಜಯರಾಜ್ ಅವರದು.

ಅವರು ಮನೆಗೂ ಬಂದರು. “ಖಾಲಿದಾ ಅವರೇ, ತಪ್ಪು ತಿಳ್ಕೊಬೇಡಿ. ಮಕ್ಕಳು ಸಣ್ಣವು. ಜೈಲು, ಬಡತನ, ಅಳು, ಇದೆಲ್ಲಾ ಈಗ್ಲೇ ಯಾಕೆ? ಆಶ್ರಿತಾ ಮನೆಗೆ ಬಂದು ಊಟ ಬಿಟ್ಟು ಏನೇನೋ ಕೇಳ್ತಾಳೆ. ಸ್ಪೆಲ್ಲಿಂಗ್ ಕೋಚಿಂಗು ಆದ್ರೆ ಯೂಸ್ ಆದ್ರೂ ಆಗ್ತದೆ.” ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಖಾಸಿಂ ಅವರತ್ತ ತಿರುಗಿ, “ನಿಮ್ಮ ಗ್ರೀನ್ ಕಾರ್ಡ್ ಪೇಪರ್ಸು ಸ್ಮೂತಾಗಿ ಹೋಗ್ತಿದೆ ಅಲ್ವಾ?” ಎಂದರು. ಅದು ಬೆದರಿಕೆಯೋ ಬರಿಯ ಉಪಚಾರವೋ, ಗಂಡಹೆಂಡಿರಿಗೆ ಇಂದಿಗೂ ಗೊತ್ತಿಲ್ಲ. ಅಮೆರಿಕದಲ್ಲಿ ಕಾಯಂ ನೆಲೆಸುವ ಆ ಅನುಮತಿಯ ಕಾಗದಪತ್ರ ನಡೆಯುತ್ತಿದ್ದುದು ಮಾತ್ರ ಜಯರಾಜ್ ಅವರ ವಿಭಾಗದ ಮೂಲಕವೇ.

“ನಿನ್ನ ಮನಸ್ಸಿಗೆ ಬಂದಂಗ ಮಾಡು,” ಎಂದರು ಖಾಸಿಂ. “ಆದ್ರ ಆರು ವರ್ಷ ಆತು ನಾವು ಕಾಯಾಕ ಹತ್ತಿ. ತಾಹಾನ ಮಾರಿ ನೋಡಿ ಹೇಳು.”

ಮಂಡಳಿಯ ಸಭೆಯಲ್ಲಿ ವರ್ಲೀನ್ ಅವರಿಗೆ ಮೂರು ನಿಮಿಷ ಕೊಟ್ಟರು. “ಈ ಮಕ್ಕಳಿಗೆ ದುಃಖ ಹಂಚಲು ನಾನು ಯಾರನ್ನೂ ಕರೆಸಿಲ್ಲ. ದುಃಖದಿಂದ ಹೊರಬಂದವರನ್ನು ಕರೆಸಿದೆ, ದಾರಿ ಕೇಳಿಕೊಳ್ಳಲಿ ಅಂತ,” ಎಂದು ಹೇಳುವಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಅಧ್ಯಕ್ಷರು, ಸಿಬ್ಬಂದಿಯಲ್ಲಿ ಬೇರೆ ಯಾರಾದರೂ ಮಾತನಾಡುವವರಿದ್ದಾರೆಯೇ ಎಂದು ಕೇಳಿದರು. ಮಾತನಾಡುತ್ತೇನೆಂದು ಖಾಲಿದಾ ಅವರು ಹಿಂದಿನ ದಿನ ವರ್ಲೀನ್ ಅವರಿಗೆ ಮಾತು ಕೊಟ್ಟಿದ್ದರು. ಬರೆದ ಹಾಳೆ ಪರ್ಸಿನಲ್ಲೇ ಇತ್ತು. ನಾಲ್ಕನೆಯ ಸಾಲಿನಲ್ಲಿ, ಜಯರಾಜ್ ದಂಪತಿಯ ಹಿಂದೆ, ಅವರು ತಲೆ ತಗ್ಗಿಸಿ ಕೂತಿದ್ದರು. ವರ್ಲೀನ್ ತಿರುಗಿ ನೋಡಲಿಲ್ಲ. ನೋಡಿದ್ದರೆ ಎದ್ದು ನಿಲ್ಲುತ್ತಿದ್ದೆನೇನೋ ಎಂದು ಖಾಲಿದಾ ಅವರು ಎಷ್ಟೋ ಸಲ ಅಂದುಕೊಂಡಿದ್ದಾರೆ. ನೋಡಿ ಒತ್ತಾಯಿಸಬಾರದೆಂದೇ ವರ್ಲೀನ್ ತಿರುಗಲಿಲ್ಲ ಎಂಬುದು ಬಹಳ ಕಾಲದ ಮೇಲೆ ಹೊಳೆದಾಗ ಸಂಕಟ ಇನ್ನೂ ಹೆಚ್ಚಾಯಿತು. ಮಂಡಳಿ ಕೈಯೆತ್ತಿ ಮತ ಹಾಕಿ ಶನಿವಾರದ ಗಂಟೆಯನ್ನು ಮುಚ್ಚಿತು.

ಪಾರ್ಕಿಂಗಿನಲ್ಲಿ ಆಶ್ರಿತಾ ತಂದೆಯ ಕೈ ಬಿಡಿಸಿಕೊಂಡು ಓಡಿ ಬಂದಳು. “ಆಂಟಿ, ವೈ ಡಿಡಂಟ್ ಯೂ ಸೇ ಎನಿಥಿಂಗ್?” ಎಂದಳು. ನೀವೇಕೆ ಏನೂ ಹೇಳಲಿಲ್ಲ ಎಂಬ ಆ ಪ್ರಶ್ನೆಯನ್ನು ಖಾಲಿದಾ ಅವರು ಮನೆಗೆ ಹೋಗಿ, ಪರ್ಸಿನಲ್ಲಿದ್ದ ಹಾಳೆಯ ಹಿಂದೆ ಬರೆದಿಟ್ಟರು.

ವರ್ಲೀನ್ ಒಂದು ಕಟುಮಾತನ್ನೂ ಆಡಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ, “ತಾಹಾ ಹೇಗಿದ್ದಾನೆ?” ಎಂದು ಕೇಳಿದರು. ಇನ್ನೆರಡು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡಿದರು; ಆ ಸಂಜೆಯ ಸುದ್ದಿ ಒಮ್ಮೆಯೂ ಬರಲಿಲ್ಲ. ಆಮೇಲೆ ವರ್ಲೀನ್ ನಿವೃತ್ತರಾಗಿ ಓಕ್‌ಲ್ಯಾಂಡಿನ ತಂಗಿಯ ಮನೆ ಸೇರಿದರು. ಗ್ರೀನ್ ಕಾರ್ಡು ೨೦೧೪ರಲ್ಲಿ ಬಂತು. ಈಗ ಹೋಗಿ ಎಲ್ಲವನ್ನೂ ಹೇಳಿ ಕ್ಷಮೆ ಕೇಳಬೇಕೆಂದು ಖಾಲಿದಾ ಅವರು ದಿನ ಗೊತ್ತುಮಾಡಿಕೊಂಡು, ಒಂದಲ್ಲ ಒಂದು ನೆಪದಿಂದ ಮತ್ತೂ ಒಂದು ವರ್ಷ ಮುಂದೂಡಿದರು.

ಹೋಗುವಷ್ಟರಲ್ಲಿ ವರ್ಲೀನ್ ಅವರಿಗೆ ಪಾರ್ಶ್ವವಾಯು ಹೊಡೆದು ಮೂರು ತಿಂಗಳಾಗಿತ್ತು. ಬಲಗೈ ಬಿದ್ದುಹೋಗಿತ್ತು. ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು: “ಫೈನ್.” ನೀರು ಬೇಕೇ ಎಂದರೂ ಫೈನ್, ನೋವಾಗುತ್ತಿದೆಯೇ ಎಂದರೂ ಫೈನ್. ಖಾಲಿದಾ ಅವರು ಮಂಚದ ಪಕ್ಕ ಕೂತು ಆ ಸಂಜೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಗ್ರೀನ್ ಕಾರ್ಡಿನ ಭಯ ಹೇಳಿದರು, ಪರ್ಸಿನಲ್ಲಿದ್ದ ಹಾಳೆಯ ವಿಷಯ ಹೇಳಿದರು, ಕ್ಷಮಿಸಿ ಎಂದರು. ವರ್ಲೀನ್ ಖಾಲಿದಾ ಅವರನ್ನೇ ನೋಡುತ್ತಿದ್ದು, “ಫೈನ್,” ಎಂದರು.

ಅದು ಕ್ಷಮೆಯೇ, ಅಥವಾ ನಾಲಿಗೆಗೆ ಉಳಿದಿದ್ದ ಒಂದೇ ಶಬ್ದವೇ? ಆ ಪ್ರಶ್ನೆಯನ್ನು ಹೊತ್ತುಕೊಂಡೇ ಖಾಲಿದಾ ಅವರು ಮುಂದಿನ ಐದು ವರ್ಷ ಪ್ರತಿ ಗುರುವಾರ ರಜೆ ಹಾಕಿ, ಫ್ರೀವೇ ಎಂದರೆ ಹೆದರುತ್ತಿದ್ದವರು ಒಬ್ಬರೇ ಕಾರು ಓಡಿಸಿಕೊಂಡು ಓಕ್‌ಲ್ಯಾಂಡಿಗೆ ಹೋದರು. ತಾವು ಕನ್ನಡದಲ್ಲಿ ಬರೆದಿಟ್ಟಿದ್ದ ಶನಿವಾರದ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ವರ್ಲೀನ್ ಅವರಿಗೆ ಓದುತ್ತಿದ್ದರು. ಎಲ್ಲಾದರೂ ತಪ್ಪು ಪದ ಬಂದರೆ ವರ್ಲೀನ್ ಎಡಗೈಯಿಂದ ಹಾಸಿಗೆ ತಟ್ಟುತ್ತಿದ್ದರು. ಸರಿಯಾದ ಪದ ಸಿಗುವವರೆಗೂ ತಟ್ಟುತ್ತಿದ್ದರು. ಪುಸ್ತಕದ ಇಂಗ್ಲಿಷ್ ಭಾಗ ತಿದ್ದುಪಡಿಯಾದದ್ದು ಹೀಗೆ.

ಆಡಿದವರ ಒಪ್ಪಿಗೆಯಿಲ್ಲದೆ ಅವರ ಮಾತನ್ನು ಅಚ್ಚು ಹಾಕುವುದು ಖಾಲಿದಾ ಅವರಿಗೆ ಸರಿಬೀಳಲಿಲ್ಲ. ಇಪ್ಪತ್ತಮೂರು ಜನರ ಮನೆ ಹುಡುಕಿಕೊಂಡು ಹೊರಟರು. ಒಂಬತ್ತು ಮಂದಿ ತೀರಿಕೊಂಡಿದ್ದರು; ಅವರ ಮನೆಯವರ ಒಪ್ಪಿಗೆ ಕೇಳಿದರು. ಮಕ್ಕಳ ಹೃದಯದ ವೈದ್ಯೆಯ ಮಗಳು ಬಾಗಿಲಲ್ಲೇ ನಿಂತು ಆ ಪುಟವನ್ನು ಓದಿ, “ಅಮ್ಮನ ಕೈ ನಡುಗುತ್ತಿತ್ತೇ? ನಮಗೆ ಯಾರಿಗೂ ಹೇಳಿರಲಿಲ್ಲ,” ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

೨೦೧೮ರಲ್ಲಿ ಖಾಲಿದಾ ಅವರು ಅದೇ ಮಂಡಳಿಯ ಮುಂದೆ ಎದ್ದು ನಿಂತು ಮಾತನಾಡಿದರು. ಶನಿವಾರದ ಗಂಟೆ ಗ್ರಂಥಾಲಯದ ಹಿಂಬದಿಯ ಸಣ್ಣ ಕೋಣೆಯಲ್ಲಿ ಮತ್ತೆ ಆರಂಭವಾಯಿತು. ಮೊದಲ ದಿನ ಬಂದವರು ನಾಲ್ಕು ಮಕ್ಕಳು. ಎಂಟು ವರ್ಷದ ಹಿಂದೆ ಕೇಳಬೇಕಾಗಿದ್ದ ಮಕ್ಕಳು ಆಗಲೇ ಬೆಳೆದಿದ್ದರು, ಕೆಲವರು ಬೇರೆ ಬೇರೆ ಊರು ಸೇರಿದ್ದರು. ಕಳೆದುಹೋದ ಶನಿವಾರಗಳನ್ನು ಅವರಿಗೆ ಹಿಂದಿರುಗಿಸುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಕೋವಿಡ್ ಕಾಲದಲ್ಲಿ ಭೇಟಿ ನಿಂತಿತು. ೨೦೨೧ರ ಜನವರಿಯಲ್ಲಿ ವರ್ಲೀನ್ ಹಾಪ್ಸನ್ ತೀರಿಕೊಂಡರು. ಅಂತ್ಯಕ್ರಿಯೆಗೆ ಹತ್ತು ಜನರಿಗೆ ಮಾತ್ರ ಅವಕಾಶ. ಖಾಲಿದಾ ಅವರು ಮನೆಯ ಅಡುಗೆಕಟ್ಟೆಯ ಮೇಲೆ ಫೋನು ನಿಲ್ಲಿಸಿಕೊಂಡು ನೋಡಿದರು. ನಡುವೆ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಎಲ್ಲ ಮುಗಿದಿತ್ತು.

ಪುಸ್ತಕ ಮರುವರ್ಷ ಬಂತು. ಅದರ ಮುನ್ನುಡಿಯ ಮೊದಲ ವಾಕ್ಯ ಪಾರ್ಕಿಂಗಿನಲ್ಲಿ ಆಶ್ರಿತಾ ಕೇಳಿದ ಪ್ರಶ್ನೆಯೇ. ಕನ್ನಡ ಕೂಟದ ಬಿಡುಗಡೆ ಸಮಾರಂಭಕ್ಕೆ ಜಯರಾಜ್ ಅವರೂ ಬಂದು ಹೂಗುಚ್ಛ ಕೊಟ್ಟು, “ಒಳ್ಳೆ ಕೆಲಸ ಮಾಡಿದ್ರಿ ಮೇಡಂ, ನಮ್ಮ ಮಕ್ಕಳಿಗೆ ಇಂಥದ್ದು ಬೇಕಿತ್ತು,” ಎಂದರು. ಖಾಲಿದಾ ಅವರು ಹಳೆಯ ಪತ್ರದ ಮಾತೆತ್ತಿದಾಗ ಜಯರಾಜ್ ಹುಬ್ಬು ಗಂಟಿಕ್ಕಿ ಯೋಚಿಸಿ, ಪ್ರಾಮಾಣಿಕವಾಗಿಯೇ, “ಯಾವ ಲೆಟರು? ನಂಗೆ ನೆನಪೇ ಇಲ್ಲ ನೋಡಿ,” ಎಂದರು. ಖಾಲಿದಾ ಅವರು ಹೂಗುಚ್ಛ ತೆಗೆದುಕೊಂಡು ಥ್ಯಾಂಕ್ಸ್ ಎಂದರು. ಆ ಸಂಜೆಯನ್ನು ನೆನಪಿಟ್ಟುಕೊಂಡ ದೊಡ್ಡವರು ಇನ್ನು ತಾವೊಬ್ಬರೇ ಎಂದು ಅವರಿಗೆ ಆಗ ಅನ್ನಿಸಿತಂತೆ.

ನಿವೃತ್ತಿಯ ದಿನ ಸಹೋದ್ಯೋಗಿಗಳು, ಈಗಲಾದರೂ ನಿಮ್ಮನ್ನು ನೀವು ಕ್ಷಮಿಸಿಕೊಳ್ಳಬಾರದೇ ಎಂದು ಕೇಳಿದರು. “ಅದು ನಂಗ ಬಿಟ್ಟಿದ್ದಲ್ಲರಿ. ನಂಗ ಬಿಟ್ಟಿದ್ದು ಕೆಲಸ ಮಾಡೂದು,” ಎಂದಷ್ಟೇ ಹೇಳಿ ಅವರು ಕನ್ನಡಕ ಒರೆಸಿಕೊಂಡರು.

ಆ ಕೆಲಸ ಈಗಲೂ ನಡೆದಿದೆ. ಎರಡನೆಯ ಪುಸ್ತಕಕ್ಕೆ ಹದಿನಾಲ್ಕು ಹೆಸರುಗಳ ಪಟ್ಟಿ ಸಿದ್ಧವಾಗಿದೆ. ಅದರಲ್ಲಿ ರಿಚ್‌ಮಂಡಿನ ತೊಂಬತ್ತೊಂದು ವರ್ಷದ ನರ್ಸ್ ಇದ್ದಾರೆ, ವಲೇಹೋ ಊರಿನಲ್ಲಿ ಕುರುಡು ಮಕ್ಕಳಿಗೆ ಸಂಗೀತ ಕಲಿಸಿದ ಎಂಬತ್ತೆಂಟರ ಅಜ್ಜಿ ಇದ್ದಾರೆ. ಖಾಲಿದಾ ನದಾಫ ಅವರಿಗೆ ದೀರ್ಘಾಯುಷ್ಯವನ್ನೂ ಗಟ್ಟಿಯಾದ ಕಾಲುಗಳನ್ನೂ ನಾವು ಹಾರೈಸುವುದು ಅವರೊಬ್ಬರಿಗಾಗಿ ಅಲ್ಲ. ಆ ಪಟ್ಟಿಯಲ್ಲಿರುವವರಿಗೆಲ್ಲ ವಯಸ್ಸಾಗಿದೆ. ಇವರು ಹೋಗಿ ಬಾಗಿಲು ತಟ್ಟಿದ ದಿನ ಒಳಗಿನಿಂದ ಅವರ ಮಾತು ಕೇಳಿಸಲಿ.