ಸುಬ್ಬಿಗೆ ಎರೆದ ಹಾಲು

ಚಾಚಾ ಅವರ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ಗದಗದಲ್ಲಿದ್ದಾಗ ಯಾರದೋ ಬಚ್ಚಲುಮನೆಗೆ ನುಗ್ಗಿದ ನಾಗರಹಾವು ಹಿಡಿಯಲು ಹೋಗಿ ಕಚ್ಚಿಸಿಕೊಂಡು, ಬೆರಳು ಕೊಳೆತ ಮೇಲೆ ಡಾಕ್ಟರು ಕತ್ತರಿಸಿ ತೆಗೆದದ್ದು. ಆ ಮೋಟು ಬೆರಳನ್ನೇ ನಮ್ಮ ಮುಖದ ಮುಂದೆ ಹಿಡಿದು ಬೈಯುತ್ತಿದ್ದರು. "ಇದು ಹಾವಿನ ತಪ್ಪಲ್ಲ, ನನ್ನ ಅವಸರದ್ದು" ಅನ್ನುವುದು ಪ್ರತಿ ಬೈಗುಳದ ಪೀಠಿಕೆ.

ಆಕ್ಲೆಂಡಿನ ಏವನ್‌ಡೇಲ್‌ನಲ್ಲಿ ಅವರದೊಂದು ಚಿಕ್ಕ ಅಂಗಡಿ; ಬರುವವರೆಲ್ಲ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದರು. ಮೀನು, ಗಿಳಿ, ಮೊಲದ ಮೇವು, ಗಾಜಿನ ಪೆಟ್ಟಿಗೆಗಳಲ್ಲಿ ಬಗೆಬಗೆಯ ಹಲ್ಲಿ. ಹಾವು ಮಾತ್ರ ಇಲ್ಲ. ಈ ದೇಶದ ನೆಲದಲ್ಲಿ ಹಾವೇ ಇಲ್ಲ, ತಂದು ಸಾಕುವುದಕ್ಕೆ ಕಾನೂನೂ ಬಿಡುವುದಿಲ್ಲ. ಆದರೂ ವಾರಕ್ಕೊಬ್ಬರಾದರೂ ಬಂದು ಹಾವು ಕೇಳುವವರು. ಎರಡು ಸಾವಿರದ ಐದರ ಸುಮಾರಿಗೆ ನಾನೂ ಕೇಳಿದೆ. ಓದು ಮುಗಿಸಿ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದ ಮೈಸೂರಿನವಳು, ಒಂಟಿ. ನಾಯಿ, ಬೆಕ್ಕು ಎಲ್ಲರೂ ಸಾಕುತ್ತಾರೆ, ನನಗೆ ಹಾವು ಬೇಕು ಅನ್ನುವ ಕೊಬ್ಬು.

ನನ್ನ ಇಂಗ್ಲಿಷ್ ಕೇಳಿಯೇ ಊರಿನ ಕಡೆಯವಳು ಅಂತ ಗುರುತಿಸಿಬಿಟ್ಟರು. "ಯಾಕ ಬೇಕವಾ ತಂಗಿ ಹಾವು? ಕೊಳ್ಳಾಗ ಹಾಕ್ಕೊಂಡು ಫೋಟೋ ತಗಸಾಕ? ಮೊದಲು ಇದನ್ನ ಒಂದು ವರ್ಷ ಸಾಯದಂಗ ನೋಡ್ಕೊ. ಆಮೇಲೆ ಹಾವಿರೋ ದೇಶಕ್ಕ ಹೋಗಿ ಕೇಳು" ಅಂತ ಒಂದು ಹಲ್ಲಿ ತೋರಿಸಿದರು. ಹಲ್ಲಿ ಅಂದರೆ ಗೋಡೆ ಮೇಲಿನದಲ್ಲ. ಮೊಳದುದ್ದ, ದಪ್ಪ ಮೈ, ಇದ್ದೂ ಇಲ್ಲದಂಥ ಪುಟ್ಟ ಕಾಲು, ಥೇಟ್ ಹಾವಿನ ತಲೆ, ನೀಲಿ ನಾಲಿಗೆ. ನಮ್ಮೂರ ಹಾವುರಾಣಿಯ ದೊಡ್ಡಕ್ಕ ಅನ್ನಬೇಕು. ನಾನು ಸುಬ್ಬಿ ಅಂತ ಹೆಸರಿಟ್ಟೆ.

ಕೊಡುವ ಮುಂಚೆ ಮುಕ್ಕಾಲು ಗಂಟೆ ಬೈದರು. ಹಾವು ಸಾಕುವವರಿಗೆ ಹೇಳುವುದನ್ನೆಲ್ಲ ನನಗೂ ಹೇಳಿದರು. "ಮನಿಗೆ ಒಯ್ದ ಮ್ಯಾಲ ಎರಡು ವಾರ ಮುಟ್ಟಬ್ಯಾಡ. ಪೆಟ್ಟಿಗಿ ಒಂದು ಮೂಲಿ ಬಿಸಿ ಇರ್ಲಿ, ಒಂದು ತಂಪಿರ್ಲಿ. ಎಲ್ಲಿರಬೇಕಂತ ಅದಕ್ಕ ಗೊತ್ತೈತಿ, ನಿನಗ ಗೊತ್ತಿಲ್ಲ. ಉಂಡ ಮ್ಯಾಲ ಎತ್ತಬ್ಯಾಡ. ಪೊರಿ ಬಿಡುವಾಗ ಜಗ್ಗಬ್ಯಾಡ. ಆರು ತಿಂಗಳಿಗೊಮ್ಮೆ ಲೈಟ್ ಬದಲಿಸು, ಉರಿಯೋದು ಕಂಡ್ರೂ ಅದರಾಗಿನ ಬಿಸಿಲು ಸತ್ತಿರ್ತೈತಿ. ಭಾಳ ಪ್ರೀತಿ ಬಂತಂದ್ರ ದೂರ ಕುಂತು ನೋಡು." ಕೊನೆಯದನ್ನು ಎರಡು ಸಲ ಹೇಳಿದರು. ಹೂಂ ಹೂಂ ಅಂದೆ. ತಲೆಗೆ ಏನೂ ಹೋಗಿರಲಿಲ್ಲ ಅನ್ನುವುದು ಮುಂದಿನ ಶ್ರಾವಣದಲ್ಲಿ ಗೊತ್ತಾಯಿತು.

ಇಲ್ಲಿ ಶ್ರಾವಣ ಅಂದರೆ ಚಳಿಗಾಲ. ನಾಗರಪಂಚಮಿಗೆ ನಾಲ್ಕೈದು ಮನೆಯವರು ಒಟ್ಟು ಸೇರಿ ಪಟಕ್ಕೆ ಪೂಜೆ ಮಾಡುತ್ತಿದ್ದೆವು. ಹಬ್ಬ, ಭಜನೆ ಎಲ್ಲವನ್ನೂ ಮುಂದೆ ನಿಂತು ನಡೆಸುತ್ತಿದ್ದ ಒಬ್ಬ ಆಂಟಿ ಆ ವರ್ಷ ಫೋನ್ ಮಾಡಿದರು. "ಎಷ್ಟು ವರ್ಷ ಅಂತ ಪಟಕ್ಕೇ ಹಾಲೆರೆಯೋದೇ? ನಿನ್ ಹತ್ರ ಜೀವಂತವಾಗೇ ಒಂದಿದೆಯಲ್ಲ!" ಅದು ಹಾವಲ್ಲ ಆಂಟಿ ಅಂದೆ. "ಹಾವಿಲ್ಲದ ಊರಲ್ಲಿ ಅದೇ ನಾಗಪ್ಪ ಬಿಡು" ಅಂದರು. ಅಲ್ಲಿಯವರೆಗೆ ಹಲ್ಲಿ ಸಾಕುವವಳು ಅಂತ ನನ್ನ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದಿದ್ದವರು ಅವರೆಲ್ಲ. ಆ ದಿನ ನನ್ನ ಮನೆ ತುಂಬಿತು. ಆಂಟಿ ನನ್ನ ಕೆನ್ನೆ ಸವರಿ "ಪುಣ್ಯವಂತೆ ಕಣೇ" ಅಂದರು. ಅಷ್ಟಕ್ಕೇ ಕರಗಿಹೋದೆ, ಥೂ.

ಸುಬ್ಬಿಯನ್ನು ಬಿಸಿ ಪೆಟ್ಟಿಗೆಯಿಂದ ಎತ್ತಿ ಸ್ಟೀಲ್ ತಟ್ಟೆಯಲ್ಲಿ ಕೂರಿಸಿದವಳು ನಾನೇ. ತಲೆಗೆ ಅರಿಶಿನ, ಕುಂಕುಮ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲನ್ನು ಒಬ್ಬೊಬ್ಬರಾಗಿ ಮೈಮೇಲೆ ಎರೆದರು. ಸುಬ್ಬಿ ಬೆದರಿ ನೀಲಿ ನಾಲಿಗೆ ಚಾಚಿತು. "ನೋಡಿ, ಕುಡೀತಿದೆ!" ಅಂತ ಆಂಟಿ ಚಮಚದಲ್ಲಿ ಬಾಯಿಗೆ ಬಿಟ್ಟರು. ನಾನು ಸುಬ್ಬಿಯ ತಲೆ ಹಿಡಿದುಕೊಂಡಿದ್ದೆ.

ಮಾರನೆಯ ದಿನವೇ ಮೂಗಿನಲ್ಲಿ ಗುಳ್ಳೆ, ತೆರೆದ ಬಾಯಿ ಮುಚ್ಚುತ್ತಿಲ್ಲ. ಚಾಚಾ ಬೈತಾರೆ ಅಂತ ಎರಡು ದಿನ ಮುಚ್ಚಿಟ್ಟೆ. ಬೈಗುಳಕ್ಕೆ ಹೆದರಿ ಒಂದು ಜೀವವನ್ನು ಎರಡು ದಿನ ಒದ್ದಾಡಿಸಿದೆ. ಮೂರನೆಯ ದಿನ ಟವೆಲಿನಲ್ಲಿ ಸುತ್ತಿ ಅಂಗಡಿಗೆ ಒಯ್ದಾಗ ಚಾಚಾ ಒಮ್ಮೆ ಮೂಸಿ ನೋಡಿದರು, ಅಷ್ಟೆ.

"ಹಾಲು ಹಾಕೀರಿ." ಧ್ವನಿ ಏರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ. "ಊರಾಗ ಹಾವಾಡಿಗರ ಕೈಯಿಂದ ಹಾವು ಬಿಡಸ್ತಿದ್ದೆ ನಾ. ಪಂಚಮಿ ಮುಗದ ಮರುದಿನ ಸತ್ತ ಹಾವು ಚೀಲದಾಗ ತುಂಬಿ ತರ್ತಿದ್ದೆ. ಹಾವಾಡಿಗರು ವಾರಗಟ್ಲೆ ನೀರು ಕೊಡದ ಒಣಗಸ್ತಿದ್ರು. ಬಾಯಾರಿದ್ದು ಏನು ಕೊಟ್ರೂ ಕುಡೀತೈತಿ, ಕುಡುದು ಸಾಯ್ತೈತಿ. ಅದನ್ನ ನೋಡೋದು ಬ್ಯಾಡಂತ ಹಾವಿಲ್ಲದ ದೇಶಕ್ಕ ಬಂದ್ನಿ. ನೀವು ಹಲ್ಲೀನ ಹಾವು ಮಾಡಿ ಹಾಲು ಹಾಕಿದ್ರಿ!" ಈಗ ಅಂಗಡಿ ನಡುಗುವ ಹಾಗೆ ಕೂಗಿದರು. "ನಾ ಹಬ್ಬ ಬ್ಯಾಡಂತೀನೇನು? ನಿಮ್ಮ ಪಂಚಮಿ ಉಂಡಿ ತಿಂದ ಬೆಳದಾಂವ ನಾ. ಹುತ್ತಕ್ಕ ಹಾಕ್ರಿ, ಕಲ್ಲಿಗೆ ಹಾಕ್ರಿ, ಜೋಕಾಲಿ ಆಡ್ರಿ. ಉಸಿರಾಡೋದರ ಬಾಯಾಗ ಹಾಕಬ್ಯಾಡ್ರಿ. ನಡಿ ಹೊರಗ."

ಅಳುತ್ತಾ ಹೊರಗೆ ಬಂದೆ. ಅವರು ಆ ಕ್ಷಣವೇ ಅಂಗಡಿ ಮುಚ್ಚಿ ಸುಬ್ಬಿಯನ್ನು ಪ್ರಾಣಿ ವೈದ್ಯರಲ್ಲಿಗೆ ಒಯ್ದರು. ಇಂಜೆಕ್ಷನ್ನು, ಶಾಖ, ಆರೈಕೆ ಅಂತ ಆರು ವಾರ ತಮ್ಮಲ್ಲೇ ಇಟ್ಟುಕೊಂಡರು. ಪ್ರತಿ ಶನಿವಾರ ಹೋಗಿ ನಿಲ್ಲುತ್ತಿದ್ದೆ, ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಏಳನೆಯ ಶನಿವಾರ ಪೆಟ್ಟಿಗೆ ನನ್ನ ಕೈಗಿಟ್ಟು "ಉಳದೈತಿ" ಅಂದರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಕೆಲವು ತಿಂಗಳ ಮೇಲೆ ಏವನ್‌ಡೇಲಿನ ಭಾನುವಾರದ ಸಂತೆಯಲ್ಲಿ ಆಂಟಿ ಜೊತೆ ಕೊತ್ತಂಬರಿ ಆರಿಸುತ್ತಿದ್ದೆ. ಚಾಚಾ ಎದುರಾದರು. ಆಂಟಿಗೆ ಕೈಮುಗಿದು, "ಅಕ್ಕಾರ, ಮುಂದಿನ ಪಂಚಮಿಗೆ ಜೀವ ಇರೋದಕ್ಕ ಹಾಲು ಹಾಕಬ್ಯಾಡ್ರಿ, ನಿಮ್ಮ ತಮ್ಮ ಕೇಳ್ಕೋತಾನ ಅಂತ ತಿಳೀರಿ" ಅಂದರು. ಬೈಯುವುದೇ ಬದುಕಾದ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಂಟಿ ನನ್ನ ಕಡೆ ತಿರುಗಿದರು. "ಹಾವಾಡಿಸ್ಕೊಂಡಿದ್ದೋರೆಲ್ಲ ನಮ್ಮ ಹಬ್ಬಕ್ಕೆ ಬುದ್ಧಿ ಹೇಳೋಕೆ ಬರ್ತಾರೆ ನೋಡೇ!"

ಹಾವಾಡಿಗರ ಕೈಯಿಂದ ಹಾವು ಬಿಡಿಸುತ್ತಾ ವರ್ಷಗಳನ್ನು ಸವೆಸಿದ ಮನುಷ್ಯನಿಗೆ ಆ ಮಾತು. ಚಾಚಾ ನನ್ನನ್ನು ನೋಡಿದರು. ನಾನು ಕೊತ್ತಂಬರಿ ಬೇರಿನ ಮಣ್ಣು ಕೊಡವುತ್ತಿದ್ದೆ. ಕೊಡವಿದೆ, ಕೊಡವಿದೆ, ಕೊಡವುತ್ತಲೇ ಇದ್ದೆ. ಕೆನ್ನೆ ಸವರಿದ ಆ ಕೈ ಮತ್ತೆ ಸಿಗದೇ ಹೋದೀತು ಅಂತ!

"ತಂಗಿ, ಲೈಟಿಗೆ ಆರು ತಿಂಗಳಾತು. ಬಂದು ಒಯ್ಯಿ" ಅಂದು ಹೋದರು.

ಆಮೇಲೂ ಎರಡು ವರ್ಷ ಅವರ ಅಂಗಡಿಗೆ ಹೋಗುತ್ತಿದ್ದೆ. ಪ್ರತಿ ಸಲವೂ ತಪ್ಪಾಯ್ತು ಅನ್ನಬೇಕು ಅಂದುಕೊಂಡು ಒಳಗೆ ಹೋಗಿ, ಲೈಟ್ ತೆಗೆದುಕೊಂಡು ಬರುತ್ತಿದ್ದೆ. ಒಂದು ಬೆಳಿಗ್ಗೆ ಅಂಗಡಿಯಲ್ಲೇ ಎದೆನೋವು ಬಂದು ಚಾಚಾ ಹೋಗಿಬಿಟ್ಟರು. ನಮ್ಮ ಜನ ಸೇರಿ ಸಂತಾಪ ಸಭೆ ಮಾಡಿದರು. ಆಂಟಿ ಎದ್ದು ನಿಂತು "ತುಂಬಾ ದೊಡ್ಡ ಮನಸ್ಸಿನ ಮನುಷ್ಯ, ನಮಗೆಲ್ಲ ಅಣ್ಣನ ಹಾಗಿದ್ದರು" ಅಂತ ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. "ಅವರನ್ನ ಹಾವಾಡಿಗ ಅಂದೋರು ನೀವೇ ಅಲ್ವಾ ಆಂಟಿ? ಪಕ್ಕದಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದೋಳು ನಾನು" ಅಂದೆ. ಹಿಂದಿನ ಸಾಲಿನಿಂದ ಯಾರೋ "ಇದಕ್ಕೆಲ್ಲ ಸಮಯ ಇದಲ್ಲಮ್ಮ" ಅಂದರು. ನಿಜ, ಅದಲ್ಲ. ಸಮಯ ಇದ್ದದ್ದು ಆ ಭಾನುವಾರ, ಸಂತೆಯಲ್ಲಿ.

ಈಗ ಪಂಚಮಿಗೆ ಉಂಡೆ ಕಟ್ಟಿ ಚಾಚಾ ಅವರ ಹೆಂಡತಿಗೆ, ಚಾಚಿಗೆ, ಕೊಟ್ಟು ಬರುತ್ತೇನೆ. ಹಿತ್ತಲಿನ ಒಂದು ಕಲ್ಲಿಗೆ ಹಾಲೆರೆಯುತ್ತೇನೆ. ಆರು ತಿಂಗಳಿಗೊಮ್ಮೆ ಲೈಟ್ ಬದಲಿಸುತ್ತೇನೆ. ಸುಬ್ಬಿಗೆ ವಯಸ್ಸಾಗಿದೆ, ಬಿಸಿ ಮೂಲೆ ಬಿಟ್ಟು ಏಳುವುದಿಲ್ಲ. ದೂರ ಕೂತು ನೋಡುತ್ತೇನೆ. ಒಂದು ವರ್ಷ ಸಾಯದ ಹಾಗೆ ನೋಡಿಕೋ ಅಂದಿದ್ದರು ಚಾಚಾ. ಹದಿನಾಲ್ಕು ವರ್ಷವಾಯಿತು. ಹೋಗಿ ಹೇಳೋಣ ಅಂದರೆ, ಬೈಯುವುದಕ್ಕೆ ಅವರಿಲ್ಲ.