ತುಪ್ಪವಿಲ್ಲದ ಬಾಣಂತನ

ಪಿತ್ತಕೋಶ ಇಲ್ಲದೆಯೂ ಜನ ಆರಾಮಾಗಿ ಬದುಕುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಬದುಕುತ್ತಾರೆ, ನಿಜ. ನಾನೂ ಬದುಕಿದ್ದೇನೆ. ಆದರೆ ಆ ‘ಆರಾಮು’ ಎಂಬ ಮಾತನ್ನು ಅವರು ಯಾವ ಧೈರ್ಯದ ಮೇಲೆ ಸೇರಿಸಿದರೋ ನನಗೆ ತಿಳಿಯದು. ದಾವಣಗೆರೆಯಲ್ಲಿ ಬೆಳಗಾದರೆ ಹೋಟೆಲಿನ ಹಂಚಿನ ಮೇಲೆ ಬೆಣ್ಣೆ ಕರಗುವ ವಾಸನೆ, ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿಯ ಎಣ್ಣೆ ಕಾದ ವಾಸನೆ. ಅಂಥ ಊರಿನಲ್ಲಿ ಮನೆ ಮಾಡಿಕೊಂಡವಳಿಗೆ ಜಿಡ್ಡು ಮುಟ್ಟಬೇಡ ಎಂದರೆ, ಮೂಗು ಕಟ್ಟಿಕೊಂಡು ಓಡಾಡು ಎಂದಂತೆಯೇ.

ನನ್ನ ಗಂಡನಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸ. ನಾವಿದ್ದದ್ದು ಒಂದು ವಠಾರದಲ್ಲಿ. ಎಲ್ಲ ಮನೆಗಳಿಗೂ ಸೇರಿ ಹಿತ್ತಲಲ್ಲಿ ಒಂದೇ ಕಕ್ಕಸು. ಆಪರೇಶನ್ ಆದ ಮೇಲೆ ನನಗೆ ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬಿ, ನಾಭಿಯ ಸುತ್ತ ಹಿಂಡಿ, ಆಮೇಲೆ ಒಂದೇ ಉಸಿರಿಗೆ ಓಡಬೇಕಾಗುತ್ತಿತ್ತು. ಬಾಗಿಲು ಮುಚ್ಚಿದ್ದರೆ ನಾನು ಹೊರಗೆ ನಿಂತು ಕೆಮ್ಮುವ ಕೆಮ್ಮು ವಠಾರಕ್ಕೆಲ್ಲ ಗುರುತಾಗಿತ್ತು. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ಬಾಗಿಲ ಹತ್ತಿರದ ಕೊನೆಯ ಎಲೆಯೇ ನನ್ನದು. ಹೋಳಿಗೆಯ ಮೇಲೆ ತುಪ್ಪದ ಮಿಳ್ಳೆ ಬಾಗುವಷ್ಟರಲ್ಲಿ ಎರಡೂ ಕೈ ಅಡ್ಡ ಹಿಡಿಯುತ್ತಿದ್ದೆ. ಬಡಿಸುವವರು, ‘ಇವಳದೊಂದು ಬಿಂಕ’ ಎಂಬ ಮುಖ ಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಹೋಗಲಿ. ತುಪ್ಪ ಬೇಡವೆಂಬ ಮಾತನ್ನು ನಾನು ಮೊದಲು ಹೇಳಿದ್ದು ನನ್ನ ಅವ್ವನಿಗೆ. ಅದಾದ ಮೇಲೆ ಬೇರೆ ಯಾರಿಗೆ ಹೇಳುವುದೂ ಕಷ್ಟವೆನಿಸಲಿಲ್ಲ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಬಲಪಕ್ಕೆಯ ಕೆಳಗೆ ಬಂದ ನೋವು ಬೆನ್ನಿಗೂ ಭುಜಕ್ಕೂ ಹತ್ತಿ, ನೆಲದ ಮೇಲೆ ಹೊರಳಾಡಿದ ಮೇಲೆ ಗಂಡ ನನ್ನನ್ನು ಟಾಂಗಾದಲ್ಲಿ ಹಾಕಿಕೊಂಡು ಊರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಪಿತ್ತಕೋಶದಲ್ಲಿ ಕಲ್ಲು ಎಂದರು. ಕೊಯ್ದು ತೆಗೆದರು. ಆ ಕಲ್ಲುಗಳನ್ನು ಸಣ್ಣ ಸೀಸೆಯಲ್ಲಿ ಹಾಕಿ ತೋರಿಸಿದಾಗ, ಇಷ್ಟು ಸಣ್ಣವು ನನ್ನನ್ನು ಇಷ್ಟು ಅಳಿಸಿದವೇ ಎಂದು ಸಿಟ್ಟು ಬಂತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದಿಷ್ಟೇ: ಎಣ್ಣೆ, ಬೆಣ್ಣೆ, ತುಪ್ಪ ಮುಟ್ಟಬೇಡಿ, ತೆಳ್ಳಗಿನದು ಉಣ್ಣಿ.

ನನ್ನ ಮಂಚವಿದ್ದ ಕೋಣೆಯ ಪಕ್ಕದಲ್ಲೇ ಹೆರಿಗೆಯ ಕೋಣೆ. ದಿನವಿಡೀ ಕೂಸುಗಳ ಅಳು ಕೇಳುತ್ತಿತ್ತು. ನೋಡಲು ಬಂದವರು ಬಾಗಿಲು ತಪ್ಪಿ ನನ್ನ ಮಂಚದ ಹತ್ತಿರ ಬಂದು, ಪಕ್ಕದಲ್ಲಿ ಕೂಸಿಲ್ಲದ್ದನ್ನು ನೋಡಿ ಗಾಬರಿಯಾಗಿ ಹಿಂದಿರುಗುತ್ತಿದ್ದರು. ನನಗೆ ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಅವ್ವ ಹರಿಹರದಿಂದ ಬಂದಳು. ಅಪ್ಪ ತೀರಿಕೊಂಡ ಮೇಲೆ ಅವಳು ಎರಡು ಎಮ್ಮೆ ಸಾಕಿಕೊಂಡು ಬೆಣ್ಣೆ ಮಾರಿ ಒಬ್ಬಳೇ ಸಂಸಾರ ತೂಗಿಸುತ್ತಿದ್ದವಳು. ಬಂದವಳೇ ನನ್ನ ಸೀರೆ ಸರಿಸಿ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ನೋಡಿದಳು, ಮೆಲ್ಲಗೆ ಸೆರಗು ಮುಚ್ಚಿದಳು. ಆಮೇಲೆ ಬಾಗಿಲ ಮರೆಗೆ ನಿಂತು ಅಳಿಯನಿಗೆ ಕೇಳುವಂತೆ ಹೇಳಿದಳು.

“ಹೊಟ್ಟೆ ಕೊಯ್ದಾರೆ. ಒಳಗೆಲ್ಲ ಹಸಿ ಐತೆ. ಕರಕೊಂಡು ಹೋಗಿ ಬಾಣಂತನ ಮಾಡ್ತೀನ್ರಿ.”

“ಬಾಣಂತನ ಯಾಕ್ರಿ ಅತ್ತಿ? ಡಾಕ್ಟ್ರು ತುಪ್ಪ ಮುಟ್ಟಬ್ಯಾಡ ಅಂದಾರೆ” ಎಂದರು ಇವರು.

“ಡಾಕ್ಟ್ರಿಗೆ ಕೊಯ್ಯಾದು ಗೊತ್ತೈತೆ. ಮೈ ಕೂಡಿಸಾದು ನಮಗೆ ಬಿಡ್ರಿ.”

ನಮ್ಮ ಕಡೆ ಹೊಟ್ಟೆ ಹಸಿಯಾದ ಹೆಂಗಸಿಗೆ ಗೊತ್ತಿರುವ ಮದ್ದು ಒಂದೇ. ತವರಿನ ಒಳಕೋಣೆ, ಹೊರಸಿನ ಕೆಳಗೆ ಕೆಂಡದ ಶೆಗಡಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಲೋಬಾನದ ಹೊಗೆ, ಬೆನ್ನು ಸುಡುವಷ್ಟು ಬಿಸಿನೀರು, ಅಂಟಿನ ಉಂಡೆ, ಬಿಸಿ ಅನ್ನ, ಅದರ ಮೇಲೆ ತುಪ್ಪ. ಅವ್ವನಿಗೆ ಕೊಯ್ದ ಹೊಟ್ಟೆಗೂ ಹಡೆದ ಹೊಟ್ಟೆಗೂ ವ್ಯತ್ಯಾಸ ಕಾಣಿಸಲಿಲ್ಲ. ಅಥವಾ ಕಾಣುವುದು ಬೇಡವಾಗಿತ್ತೇನೋ. ನನಗಂತೂ ಬೇಡವಾಗಿತ್ತು. ಗಂಡ ನನ್ನ ಮುಖ ನೋಡಿದರು. ಹೋಗ್ತೀನಿ ಎಂದು ತಲೆಯಾಡಿಸಿದೆ.

ಆ ಕೋಣೆಯ ವಿಷಯ ಹೇಳಬೇಕು. ನನ್ನ ಮದುವೆಯಾದ ವರ್ಷವೇ ಅವ್ವ ಅದಕ್ಕೆ ಸುಣ್ಣ ಬಳಿಸಿ, ಗಾಳಿ ಬೀಸದಂತೆ ಕಿಟಕಿಗೆ ಹಲಗೆ ಬಡಿಸಿದ್ದಳು. ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಮಡಿಚಿಟ್ಟಿದ್ದಳು. ಪ್ರತಿ ವರ್ಷ ಪೇಟೆಯಿಂದ ಉಂಡೆಗೆ ಹೊಸ ಅಂಟು ತಂದು ಗಡಿಗೆಯಲ್ಲಿ ಕಟ್ಟಿಡುತ್ತಿದ್ದಳು. ವರ್ಷ ಕಳೆದು ಹಳೆಯದಾದರೆ ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೋ ಅವರಿಗೆ ಕೊಟ್ಟು, ಮತ್ತೆ ಹೊಸದು ತರುತ್ತಿದ್ದಳು. ಈ ಬಗ್ಗೆ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತವರಿಗೆ ಹೋದಾಗ ಆ ಕೋಣೆಯ ಬಾಗಿಲು ದಾಟುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ. ಬೇರೆಯವರ ಬಾಣಂತನಕ್ಕೆ ಹೋದರೆ ನನ್ನನ್ನು ಹೊರಗಿನ ಪಡಸಾಲೆಯಲ್ಲೇ ಕೂಡಿಸಿ, ಕೂಸಿಗೆ ದೃಷ್ಟಿಯಾಗುತ್ತದೆಂದು ಬಾಯಿಬಿಟ್ಟು ಹೇಳದೆ, ಚಹಾ ಕೊಟ್ಟು ಕಳಿಸುತ್ತಿದ್ದರು. ಎಷ್ಟು ಮನೆಯ ಚಹಾ ಕುಡಿದೆನೋ! ಲೋಟ ಖಾಲಿಯಾಗುವವರೆಗೂ ಒಳಗಿನಿಂದ ಲೋಬಾನದ ವಾಸನೆ ಬರುತ್ತಿತ್ತು.

ಈಗ ಆ ಕೋಣೆಯಲ್ಲಿ ನಾನೇ ಮಲಗಿದೆ. ಗಾಯ ಪೂರ್ತಿ ಒಣಗಿದ ಮೇಲೆ ಅವ್ವ ನೀರೆರೆಯಲು ಶುರುಮಾಡಿದಳು. ಬಚ್ಚಲಲ್ಲಿ ಕೂಡಿಸಿ, ಹೊಟ್ಟೆಯ ಗುರುತಿನ ಮೇಲೆ ತನ್ನ ಎಡಗೈ ಮುಚ್ಚಿಕೊಂಡು, ಬಲಗೈಯಿಂದ ತಂಬಿಗೆ ತಂಬಿಗೆ ಬಿಸಿನೀರು ಬೆನ್ನಿಗೆ ಸುರಿಯುತ್ತಿದ್ದಳು. ಆಮೇಲೆ ಹೊರಸಿನ ಮೇಲೆ ಮಲಗಿಸಿ, ತಲೆಗೆ ಬಟ್ಟೆ ಬಿಗಿದು, ಹೊಗೆ ಹಾಕಿ, ಬೆವರು ಒರೆಸುತ್ತಿದ್ದಳು. ಮೂವತ್ತು ದಾಟಿದ ಹೆಂಗಸು ನಾನು, ಕಣ್ಣು ಮುಚ್ಚಿಕೊಂಡು ಒರೆಸಿಸಿಕೊಳ್ಳುತ್ತಿದ್ದೆ. ಅಷ್ಟು ಸುಖ ನನಗೆ ಬೇರೆ ಯಾವ ಕಾಲದಲ್ಲೂ ಸಿಕ್ಕಿಲ್ಲ.

ಊಟ ಬರುತ್ತಿತ್ತು. ಮೆಣಸಿನ ಸಾರು, ಬಿಸಿ ಅನ್ನ, ನಡುವೆ ಗುಳಿ ಮಾಡಿ ಅದರ ತುಂಬ ತುಪ್ಪ. ಬೆಳಿಗ್ಗೆ ಎದ್ದ ಕೂಡಲೇ ಕೊಬ್ಬರಿ, ಉತ್ತತ್ತಿ, ಗಸಗಸೆ ಹಾಕಿ ಕಟ್ಟಿದ ಅಂಟಿನ ಉಂಡೆ. ಹಲ್ಲಿಗೆ ಸಿಕ್ಕ ಅಂಟು ಕರುಂ ಎಂದು ಒಡೆದು ತುಪ್ಪ ಒಸರುತ್ತಿತ್ತು. ಎಷ್ಟು ವರ್ಷ ಆಸೆಪಟ್ಟ ಉಂಡೆ ಅದು! ತಿಂದು ಮುಗಿಸಿ ಬೆರಳು ನೆಕ್ಕುವಷ್ಟರಲ್ಲಿ ಹೊಟ್ಟೆಯೊಳಗೆ ಗುಡುಗು ಶುರು. ಆಗ ನಮ್ಮ ಓಣಿಯ ಹೆಂಗಸರೆಲ್ಲ ನಸುಕಿನಲ್ಲಿ ಹೊಳೆಯ ಕಡೆ ಬಯಲಿಗೆ ಹೋಗಿ ಬರುತ್ತಿದ್ದರು. ಹಗಲಿನಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದು? ಎಮ್ಮೆಯ ಕೊಟ್ಟಿಗೆಯ ಹಿಂದೆ ತಟ್ಟಿ ಕಟ್ಟಿದ ಮೂಲೆಯೇ ಗತಿ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹೊಟ್ಟೆಗೆ ಕೈ ಒತ್ತಿಕೊಂಡು ನಾನು ಓಡುವುದನ್ನು ಎಮ್ಮೆಗಳು ಮೆಲುಕು ನಿಲ್ಲಿಸಿ ನೋಡುತ್ತಿದ್ದವು. ಬರೀ ಹಳದಿ ನೀರು, ಉರಿ. ಮರಳಿ ಬಂದು ಹೊರಸಿನ ಮೇಲೆ ಬಿದ್ದರೆ ಕೈಕಾಲು ನಡುಗುತ್ತಿದ್ದವು.

“ಒಳಗಿನ ನಂಜು ಹೋಗ್ತೈತೆ, ಹೋಗ್ಲಿ ಬಿಡು” ಎನ್ನುತ್ತಿದ್ದಳು ಅವ್ವ. ನಂಜು ಹೋದ ಹೊಟ್ಟೆಗೆ ಬಲ ಬರಲೆಂದು ಮರುದಿನ ಇನ್ನೊಂದು ಚಮಚ ಹೆಚ್ಚು.

ಇದು ತುಪ್ಪದ್ದೇ ಕೆಲಸ ಎಂದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ತುಪ್ಪ ಬೇಡ ಎಂದರೆ, ಇದು ಬಾಣಂತನವಲ್ಲ ಎಂದಂತಾಗುತ್ತದೆ. ಇದು ಬಾಣಂತನವಲ್ಲ ಎಂದ ಮೇಲೆ ಆ ಕೋಣೆಯಲ್ಲಿ ನನಗೇನು ಕೆಲಸ? ನನಗೆ ಆ ಕೋಣೆ ಬೇಕಾಗಿತ್ತು, ಹೊಗೆ ಬೇಕಾಗಿತ್ತು, ಬೆನ್ನ ಮೇಲೆ ಅವ್ವನ ಕೈ ಬೇಕಾಗಿತ್ತು. ಅವಳಿಗೂ ಬೇಕಾಗಿತ್ತು. ಬಾಗಿಲಿಗೆ ಬಂದ ಓಣಿಯ ಹೆಂಗಸರಿಗೆ ಅವಳು ಧ್ವನಿ ಇಳಿಸಿ, “ಮಲಗ್ಯಾಳೆ, ಗದ್ಲ ಮಾಡಬ್ಯಾಡ್ರಿ” ಎನ್ನುವಾಗ ಅದರಲ್ಲಿದ್ದ ಜಂಬ ನನಗೆ ಒಳಗೆ ಕೇಳುತ್ತಿತ್ತು. ಹಾಗಾಗಿ ಉಣ್ಣುತ್ತಿದ್ದೆ, ಓಡುತ್ತಿದ್ದೆ. ಕೈಬಳೆಗಳು ಮೊಳಕೈವರೆಗೆ ಜಾರತೊಡಗಿದವು.

ಗಂಡ ರಜೆಯ ದಿನ ರೈಲಿಗೆ ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

“ಏನಿದು, ಅರ್ಧಕ್ಕರ್ಧ ಇಳಿದೀಯಲ್ಲ?” ಎಂದವರು, ಅಡುಗೆಮನೆಯ ಕಡೆ ತಿರುಗಿ ಹೇಳಿದರು, “ಅತ್ತೀ, ಇವತ್ತೇ ಕರಕೊಂಡು ಹೋಗ್ತೀನ್ರಿ. ಹಿಂಗಾದ್ರೆ ಉಳಿಯಾಂಗಿಲ್ಲ.”

ಅವ್ವ ನನ್ನ ಊಟದ ತಟ್ಟೆ ಹಿಡಿದು ಒಳಗೆ ಬಂದಳು. ಇವರು ಪಡಸಾಲೆಗೆ ಸರಿದರು. ತಟ್ಟೆಯಲ್ಲಿ ಅನ್ನ, ಗುಳಿಯಲ್ಲಿ ತುಪ್ಪ. ಗುಳಿ ಒಡೆದು ತುಪ್ಪ ಒಂದು ಕಡೆ ಹರಿಯುತ್ತಿತ್ತು. ಇನ್ನು ಸುಮ್ಮನಿದ್ದರೆ ಕೋಣೆಯೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ.

“ಅವ್ವಾ, ತುಪ್ಪ ನಂಗೆ ಆಗ್ತಿಲ್ಲ” ಎಂದೆ.

“ನಾ ಕಾಸಿದ ತುಪ್ಪ. ಯಾಕಾಗಲ್ಲ?”

“ನಿನ್ ತುಪ್ಪದ್ದೇನೂ ತಪ್ಪಿಲ್ಲ. ನನ್ ಹೊಟ್ಟೇಗೇ ಅರಗಿಸಾಕ ಬರ್ತಿಲ್ಲ. ಅದಕ್ಕ ಬೇಕಾದ ಚೀಲ ತೆಗೆದುಬಿಟ್ಟಾರೆ.”

ಅವ್ವ ತಟ್ಟೆಯನ್ನು ನೆಲಕ್ಕಿಟ್ಟು ಹೊರಸಿನ ಅಂಚಿಗೆ ಕುಳಿತಳು. ಶೆಗಡಿಯ ಬೂದಿ ಕೆದಕಿದಳು.

“ತುಪ್ಪ ಇಲ್ಲಂದ್ರೆ ಅದು ಎಂಥಾ ಬಾಣಂತನ?” ಎಂದಳು. “ಹೊಂಟು ಹೋಗ್ತಿಯೇನು ಹಂಗಾದ್ರೆ?”

“ನಾ ಹೋಗಲ್ಲ. ತುಪ್ಪ ಒಂದು ಬಿಡು. ಉಳಿದಿದ್ದೆಲ್ಲ ಮಾಡು.”

ಮುಚ್ಚಿಡುವುದೇನು, ಇಬ್ಬರೂ ಅತ್ತೆವು. ಹನ್ನೆರಡು ವರ್ಷ ಆ ಕೋಣೆಯ ಬಗ್ಗೆ ಆಡದಿದ್ದ ಮಾತನ್ನೆಲ್ಲ ಆವತ್ತು ಅತ್ತು ಮುಗಿಸಿದೆವು. ಪಡಸಾಲೆಯಲ್ಲಿ ಗಂಡ ಒಂದು ಸಲ ಕೆಮ್ಮಿ, ಎದ್ದು ಹೊಳೆಯ ಕಡೆ ನಡೆದರು. ಸಂಜೆ ಒಬ್ಬರೇ ರೈಲು ಹತ್ತಿದರು.

ಆವತ್ತಿನಿಂದ ಅನ್ನದ ಗುಳಿಗೆ ತೆಳ್ಳಗಿನ ಮಜ್ಜಿಗೆ ಬಿತ್ತು. ಅದರಲ್ಲಿ ಬೆಣ್ಣೆಯ ಒಂದು ಕಣವೂ ಉಳಿಯದಂತೆ ಅವ್ವ ಎರಡೆರಡು ಸಲ ಕಡೆಯುತ್ತಿದ್ದಳು. ಉಳಿದ ಅಂಟಿನ ಉಂಡೆಗಳನ್ನು ಓಣಿಯ ಬಾಣಂತಿಯೊಬ್ಬಳಿಗೆ ಕೊಟ್ಟು ಬಂದಳು. ಅವ್ವ ಡಬ್ಬಿ ಎತ್ತಿಕೊಂಡು ಹೊರಟಾಗ ನನಗಾದ ಹೊಟ್ಟೆಕಿಚ್ಚು ಯಾವ ಡಾಕ್ಟರೂ ಕೊಯ್ದು ತೆಗೆಯುವಂಥದಲ್ಲ. ಆದರೆ ನೀರು, ಹೊಗೆ, ಶೆಗಡಿ, ತಲೆಬಟ್ಟೆ ಯಾವುದೂ ನಿಲ್ಲಲಿಲ್ಲ. ಓಟ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಇವತ್ತಿಗೂ ನಿಂತಿಲ್ಲ.

ಬಾಣಂತನ ಮುಗಿದಾಗ ಅವ್ವ ನನಗೆ ಉಡಿ ತುಂಬಿ, ತಾನೇ ಕರೆದುಕೊಂಡು ದಾವಣಗೆರೆಗೆ ಹೊರಟಳು. ಗಾಳಿ ತಾಗಬಾರದೆಂದು ಬಸ್ಸಿನಲ್ಲೂ ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಮೈಯೆಲ್ಲ ಲೋಬಾನದ ವಾಸನೆ. ಹರಿಹರ ಬಿಟ್ಟು ಅರ್ಧ ದಾರಿಯೂ ಆಗಿರಲಿಲ್ಲ, ಹೊಟ್ಟೆ ಹಿಂಡತೊಡಗಿತು. ಅವ್ವನ ಮೊಣಕೈ ಹಿಡಿದೆ. ನನ್ನ ಮುಖ ನೋಡಿದ್ದೇ ಅವಳು ಎದ್ದು ಕಂಡಕ್ಟರನಿಗೆ, “ಗಾಡಿ ನಿಲ್ಸಪ್ಪಾ” ಎಂದಳು.

“ಇಲ್ಲೆಲ್ಲ ನಿಲ್ಸಾಕ ಬರಲ್ಲ ಯವ್ವಾ. ಯಾಕ, ಏನಾತು?”

“ಬಾಣಂತಿ ಅದಾಳೆ. ಹಸಿ ಬಾಣಂತಿ.”

ಕಂಡಕ್ಟರ್ ನನ್ನ ತಲೆಬಟ್ಟೆ ನೋಡಿದ, ಮರುಮಾತಿಲ್ಲದೆ ಗಂಟೆ ಹೊಡೆದ. ಗಂಡಸರು ಕಾಲು ಮಡಿಚಿ ದಾರಿ ಬಿಟ್ಟರು. ನಾನು ಇಳಿದು ಎದೆಯೆತ್ತರ ಬೆಳೆದ ಜೋಳದ ಹೊಲಕ್ಕೆ ಓಡಿದೆ. ಬಸ್ಸು ತುಂಬ ಜನ, ಯಾರೂ ಗೊಣಗದೆ ಕಾದರು. ಬಾಣಂತಿ ಎಂದರೆ ಅಷ್ಟು ಮರ್ಯಾದೆ ಎಂದು ಆವತ್ತೇ ತಿಳಿದದ್ದು ನನಗೆ.

ಮರಳಿ ಬಂದು ಕುಳಿತಾಗ ಮುಂದಿನ ಸೀಟಿನ ಮುದುಕಿ ತಿರುಗಿ, ನನ್ನ ಮಡಿಲು, ಅವ್ವನ ಮಡಿಲು ಎರಡೂ ನೋಡಿದಳು.

“ಕೂಸೆಲ್ಲಿ ಯವ್ವಾ? ಗಂಡೋ ಹೆಣ್ಣೋ?”

ನಾನು ಸೆರಗಿನ ಅಂಚು ಹಿಡಿದುಕೊಂಡೆ. ಅವ್ವ ಒಂದಿಷ್ಟೂ ತಡಮಾಡಲಿಲ್ಲ.

“ಹೆಣ್ಣು” ಎಂದಳು. “ಹಡೆದೋಳು ನಾನು. ಇದೇ ನನ್ನ ಕೂಸು.”

ಮುದುಕಿ ಮುಂದಕ್ಕೆ ತಿರುಗಿ ಕುಳಿತಳು. ಅವ್ವ ನನ್ನ ಕಿವಿಯಿಂದ ಜಾರಿದ್ದ ಹತ್ತಿಯನ್ನು ಸರಿಮಾಡಿ ಇಟ್ಟಳು. ದಾವಣಗೆರೆ ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಅವ್ವ ಹೋಗಿ ಬಹಳ ವರ್ಷವಾಯಿತು. ಈಗಲೂ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುತ್ತೇನೆ. ಹೊಟ್ಟೆ ಕೈಕೊಟ್ಟರೆ ನಾನೇ ಎದ್ದು ಹೋಗಿ ಗಾಡಿ ನಿಲ್ಸಪ್ಪಾ ಎಂದು ಕೇಳಬೇಕು. ಯಾಕ, ಏನಾತು ಎನ್ನುತ್ತಾನೆ ಕಂಡಕ್ಟರ್. ಏನು ಹೇಳಬೇಕೋ ತಿಳಿಯದೆ ಕಂಬಿ ಹಿಡಿದು ನಿಂತಿರುತ್ತೇನೆ.